ಸ್ನೇಹಿತರ ತಿಂಡಿ ಪ್ರವಾಸ: ಖರ್ಚು ಯಾರ ಖಾತೆಗೆ?

ನಾಲ್ಕೈದು ಮಂದಿ ವರ್ತಕ ಮಿತ್ರರು ಕೂಡಿಕೊಂಡು ವಾರಾಂತ್ಯಕ್ಕೆ ಬೆಂಗಳೂರಿಗೆ ತೆರಳಿ, ಎರಡು ದಿನ ಹೆಸರಾಂತ ಹೋಟೆಲುಗಳ ತಿಂಡಿ ಸವಿದು ಮರಳುವ ರೂಢಿ ನಮ್ಮ ಭಾಗದ ವಾಣಿಜ್ಯ ವಲಯದಲ್ಲಿ ಬೆಳೆಯುತ್ತಿದೆ. 2023ರ ಜೂನ್ ತಿಂಗಳಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಆರಂಭವಾದ ಮೇಲೆ ಇದು ಇನ್ನಷ್ಟು ಸುಲಭವಾಗಿದೆ. ಶುಕ್ರವಾರ ಮಧ್ಯಾಹ್ನ ಹೊರಟವರು ರಾತ್ರಿಯ ಊಟದ ಹೊತ್ತಿಗೆ ರಾಜಧಾನಿಯಲ್ಲಿರುತ್ತಾರೆ. ವರ್ಷದ ಮುನ್ನೂರು ದಿನವೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ ವ್ಯಾಪಾರಿಗೆ ಇಂತಹ ಬಿಡುವು ಅವಶ್ಯಕವೆಂದೇ ನನ್ನ ಅಭಿಪ್ರಾಯ. ನನ್ನ ಆಕ್ಷೇಪವಿರುವುದು ಪ್ರವಾಸದ ಬಗ್ಗೆ ಅಲ್ಲ. ಸೋಮವಾರ ಬೆಳಿಗ್ಗೆ ಆ ಪ್ರವಾಸದ ಬಿಲ್ಲುಗಳು ಗುಮಾಸ್ತರ ಮೇಜಿಗೆ ಬಂದು, 'ವ್ಯವಹಾರ ವರ್ಧನೆ' ಎಂಬ ಶೀರ್ಷಿಕೆಯಡಿ ಸಂಸ್ಥೆಯ ಲೆಕ್ಕ ಸೇರುವ ಬಗ್ಗೆ.

ಮೊದಲು ಪ್ರವಾಸದ ಒಳ್ಳೆಯ ಮುಖವನ್ನು ನೋಡೋಣ. ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಎದುರು ಶನಿವಾರ ಬೆಳಿಗ್ಗೆ ಜನ ಸರದಿಯಲ್ಲಿ ಕಾಯುತ್ತಾರೆ. ಮಾಣಿಯು ತೋಳಿನ ಮೇಲೆ ಸಾಲಾಗಿ ಜೋಡಿಸಿ ತರುವ ತಟ್ಟೆಗಳು, ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುವ ದೋಸೆ, ಇವುಗಳಿಗಾಗಿ ಕಾದ ಅರ್ಧ ಗಂಟೆ ಯಾರಿಗೂ ವ್ಯರ್ಥವೆನಿಸುವುದಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಮತ್ತು ಕಾಫಿ, ಬಹುಮಟ್ಟಿಗೆ ಅಷ್ಟೇ. ಇಡ್ಲಿಗೆ ಸಾಂಬಾರಿಲ್ಲ, ಚಟ್ನಿ ಮಾತ್ರ. ಆದರೂ ಜನ ತಟ್ಟೆ ಹಿಡಿದು ರಸ್ತೆಯ ಬದಿಯಲ್ಲಿ ನಿಂತೇ ತಿನ್ನುತ್ತಾರೆ. ಸಂಜೆ ಸಜ್ಜನ್‌ರಾವ್ ವೃತ್ತದ ಬಳಿಯ ತಿಂಡಿ ಬೀದಿ, ಭಾನುವಾರ ಬೆಳಿಗ್ಗೆ ಮಲ್ಲೇಶ್ವರದ ವೀಣಾ ಸ್ಟೋರ್ಸಿನ ಇಡ್ಲಿ ಮತ್ತು ಸಿ.ಟಿ.ಆರ್.ನ ಬೆಣ್ಣೆ ಮಸಾಲೆ. ಎರಡು ದಿನಗಳಿಗೆ ಹೊಟ್ಟೆಯೇ ಸಾಲದು.

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ರವೆ ಇಡ್ಲಿ ತಿನ್ನುವಾಗ ವರ್ತಕರಾದವರು ಒಂದು ಸಂಗತಿಯನ್ನು ನೆನೆಯಬೇಕು. 1924ರಲ್ಲಿ ಆರಂಭವಾದ ಆ ಸಂಸ್ಥೆಯು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವುಂಟಾದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗಕ್ಕೆ ಕೈಹಾಕಿತೆಂದು ಹೇಳಿಕೊಳ್ಳುತ್ತದೆ. ತುರ್ತು ಪರಿಸ್ಥಿತಿಯ ಕಾಲದ ದರ ನಿಯಂತ್ರಣದಿಂದ ಹೋಟೆಲು ನಡೆಸುವುದು ಕಷ್ಟವಾದಾಗ, ಸಿದ್ಧ ಮಿಶ್ರಣಗಳ ಮಾರಾಟದತ್ತ ತಿರುಗಿತು. ಆ ಆಹಾರ ತಯಾರಿಕಾ ವಿಭಾಗವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯು ಖರೀದಿಸಿತು. ಕಚ್ಚಾ ಮಾಲಿನ ಅಭಾವವನ್ನೂ ಸರ್ಕಾರದ ನಿರ್ಬಂಧವನ್ನೂ ಹೊಸ ಸರಕಿಗೆ ದಾರಿ ಮಾಡಿಕೊಂಡ ಈ ಉದಾಹರಣೆ ಯಾವ ಸಣ್ಣ ಉದ್ಯಮಿಗೂ ಪಾಠವೇ ಸರಿ.

'ಹಾಗಾದರೆ ಇದು ಅಧ್ಯಯನ ಪ್ರವಾಸವಲ್ಲವೇ? ದಾರಿಯುದ್ದಕ್ಕೂ ವ್ಯಾಪಾರದ ಮಾತನ್ನೇ ಆಡಿದೆವಲ್ಲ?' ಎಂದು ಕೆಲವು ಮಿತ್ರರು ವಾದಿಸುವುದುಂಟು. ಕಾನೂನು ಇದನ್ನು ಒಪ್ಪುವುದಿಲ್ಲ. ವೆಚ್ಚವು ಸಂಪೂರ್ಣವಾಗಿಯೂ ಕೇವಲವಾಗಿಯೂ ವ್ಯವಹಾರದ ಉದ್ದೇಶಕ್ಕಾಗಿಯೇ ಆಗಿರಬೇಕು, ವೈಯಕ್ತಿಕ ಸ್ವರೂಪದ್ದಾಗಿರಬಾರದು ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 37(1)ನೆಯ ಪ್ರಕರಣದ ನಿಯಮವಾಗಿತ್ತು. 2025ರ ಹೊಸ ಕಾಯ್ದೆಯಲ್ಲಿಯೂ ಈ ತತ್ವವೇ ಮುಂದುವರಿದಿದೆ. ದೋಸೆ ತಿನ್ನುತ್ತಾ ಹತ್ತಿಯ ಧಾರಣೆಯನ್ನು ಚರ್ಚಿಸಿದ ಮಾತ್ರಕ್ಕೆ ದೋಸೆಯು ವ್ಯವಹಾರದ ವೆಚ್ಚವಾಗದು.

ಜಿ.ಎಸ್.ಟಿ.ಯಲ್ಲಾದರೂ ಲಾಭವುಂಟೇ? ಅದೂ ಇಲ್ಲ. ಸಾಮಾನ್ಯ ಹೋಟೆಲುಗಳ ಊಟ–ತಿಂಡಿಯ ಮೇಲಿನ ತೆರಿಗೆಯು 2017ರ ನವೆಂಬರ್ 15ರಿಂದ ಶೇ. 5 ಆಗಿದ್ದು, ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ತಿನ್ನುವ ವರ್ತಕನಿಗೂ ಸಿ.ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಪ್ರಕರಣದ ಪ್ರಕಾರ ಆಹಾರ, ಪಾನೀಯಗಳ ಮೇಲಿನ ಕ್ರೆಡಿಟ್ ಸಾಮಾನ್ಯವಾಗಿ ದೊರೆಯದು. ಸ್ವಂತ ಬಳಕೆಯ ಯಾವುದೇ ಸೇವೆಗೂ ಇದೇ ನಿರ್ಬಂಧವಿರುವುದರಿಂದ ತಂಗಿದ ಕೊಠಡಿಯ ತೆರಿಗೆಯೂ ಕೈಸೇರುವುದಿಲ್ಲ. ಹೀಗಿರುವಾಗ ಬಿಲ್ಲಿನ ಮೇಲೆ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯನ್ನು ಬರೆಸಿಕೊಳ್ಳುವುದರಿಂದ ಏನು ಪ್ರಯೋಜನ?

ಈಗ ಲೆಕ್ಕಕ್ಕೆ ಬರೋಣ. ಐವರು ಮಿತ್ರರ ಪ್ರವಾಸಕ್ಕೆ ಒಟ್ಟು ರೂ. 40,000 ಖರ್ಚಾಯಿತೆಂದು ಇಟ್ಟುಕೊಳ್ಳಿ, ತಲಾ ರೂ. 8,000. ಅವರಲ್ಲೊಬ್ಬರು ಮೂವರು ಸಮಪಾಲುದಾರರಿರುವ ಸಂಸ್ಥೆಯೊಂದರ ಪಾಲುದಾರರು; ತಮ್ಮ ಭಾಗದ ಖರ್ಚನ್ನು ಸಂಸ್ಥೆಯ ಲೆಕ್ಕಕ್ಕೆ ಹಾಕಿದರು. ಪಾಲುದಾರಿಕೆ ಸಂಸ್ಥೆಗೆ ಶೇ. 30ರ ತೆರಿಗೆ ಮತ್ತು ಶೇ. 4ರ ಸೆಸ್ ಸೇರಿ ಶೇ. 31.2ರಂತೆ ಉಳಿಯುವ ತೆರಿಗೆ ರೂ. 2,496. ಉಳಿದ ರೂ. 5,504 ಮೂವರ ಲಾಭದಿಂದಲೂ ಸಮನಾಗಿ ಕಳೆಯುತ್ತದೆ; ಅಂದರೆ ತಲಾ ಸುಮಾರು ರೂ. 1,835. ಪ್ರವಾಸಕ್ಕೆ ಹೋಗದ, ಅಂಗಡಿಯಲ್ಲಿಯೇ ಕುಳಿತು ಶನಿವಾರದ ವ್ಯಾಪಾರ ನೋಡಿಕೊಂಡ ಇಬ್ಬರು ಪಾಲುದಾರರು ಕೂಡಿ ಸುಮಾರು ರೂ. 3,670 ತೆತ್ತಂತಾಯಿತು! ಸರ್ಕಾರದಿಂದ 'ಉಳಿಸಿದ' ಹಣಕ್ಕಿಂತ ಜೊತೆಗಾರರ ಕಿಸೆಯಿಂದ ತೆಗೆದ ಹಣವೇ ಹೆಚ್ಚು. ತೆರಿಗೆ ಉಳಿತಾಯವೆಂದು ನಾವು ಕರೆಯುವುದರ ನಿಜಸ್ವರೂಪ ಇದು. ಮೊತ್ತ ಸಣ್ಣದಿರಬಹುದು, ಆದರೆ ಪಾಲುದಾರರ ನಡುವಿನ ಮನಸ್ತಾಪಗಳು ಬಹುಪಾಲು ಇಂತಹ ಸಣ್ಣ ಬಾಬುಗಳಿಂದಲೇ ಆರಂಭವಾಗುತ್ತವೆಂಬುದು ಲೆಕ್ಕಪರಿಶೋಧಕರೆಲ್ಲರೂ ಬಲ್ಲ ಸಂಗತಿ.

ಏಕಮಾಲೀಕತ್ವದ ವ್ಯಾಪಾರಿಗೆ ಈ ಪ್ರಶ್ನೆ ಇಲ್ಲವಾದರೂ ಅವರ ಲಾಭವೂ ಅಷ್ಟಕ್ಕಷ್ಟೇ. 2025–26ನೆಯ ಸಾಲಿನಿಂದ ಹೊಸ ತೆರಿಗೆ ಪದ್ಧತಿಯಲ್ಲಿ ರೂ. 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಕಾರಣ ತೆರಿಗೆಯೇ ಬರುವುದಿಲ್ಲ. ಆ ಮಿತಿಯೊಳಗಿರುವವರು ತಿಂಡಿಯ ಬಿಲ್ಲನ್ನು ವ್ಯಾಪಾರದ ವೆಚ್ಚವೆಂದು ತೋರಿಸಿ ಉಳಿಸುವುದು ಸೊನ್ನೆ. ಬ್ಯಾಂಕಿಗೆ ಸಾಲ ಕೇಳಲು ಹೋದಾಗ ತೋರಿಸಬೇಕಾದ ಲಾಭ ಮಾತ್ರ ಅಷ್ಟು ಕಡಿಮೆ. ಇನ್ನು ವಿಚಾರಣೆ ನಡೆದರೆ, ಆದಾಯವನ್ನು ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50ರಷ್ಟು, ತಪ್ಪು ಮಾಹಿತಿ ನೀಡಿದ್ದಾಗಿ ತೀರ್ಮಾನವಾದರೆ ಶೇ. 200ರಷ್ಟು ದಂಡಕ್ಕೆ ಅವಕಾಶವಿದೆ. ಎಲ್ಲ ಪಾವತಿಯೂ ಯು.ಪಿ.ಐ. ಮೂಲಕ ನಡೆಯುವ ಈ ದಿನಗಳಲ್ಲಿ, ಶನಿವಾರ–ಭಾನುವಾರದ ದೋಸೆ ಹೋಟೆಲುಗಳ ಹೆಸರು ಬ್ಯಾಂಕ್ ಪಟ್ಟಿಯಲ್ಲಿ ಸಾಲಾಗಿ ಕುಳಿತಿರುತ್ತದೆ. ಅದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಊಟದ ವೆಚ್ಚವೆಲ್ಲವೂ ವೈಯಕ್ತಿಕವೆಂದು ಯಾರೂ ಭಾವಿಸಬೇಕಾಗಿಲ್ಲ. ಸರಬರಾಜುದಾರರನ್ನು ಕಾಣಲು ಬೆಂಗಳೂರಿಗೆ ಹೋದ ವ್ಯಾಪಾರಿಯ ಪ್ರಯಾಣ, ವಸತಿ, ಊಟ ನ್ಯಾಯವಾದ ವೆಚ್ಚವೇ. ಯಾರನ್ನು, ಯಾವ ದಿನ, ಯಾವ ಕೆಲಸಕ್ಕಾಗಿ ಕಂಡೆನೆಂದು ಒಂದು ಸಾಲು ಬರೆದಿಟ್ಟರೆ ಸಾಕು. ಶುಕ್ರವಾರ ಕೆಲಸ, ಮುಂದೆರಡು ದಿನ ಸ್ನೇಹಿತರೊಡನೆ ವಿಹಾರ ಎಂದಾದರೆ ಎರಡನ್ನೂ ವಿಂಗಡಿಸಿರಿ. ಸಂಸ್ಥೆಯ ನೌಕರರೆಲ್ಲರನ್ನೂ ವರ್ಷಕ್ಕೊಮ್ಮೆ ಇದೇ ರೀತಿ ಕರೆದೊಯ್ದರೆ ಅದು ಸಿಬ್ಬಂದಿ ಕಲ್ಯಾಣದ ವೆಚ್ಚವಾಗುತ್ತದೆ. ಲೆಕ್ಕಕ್ಕೂ ಒಪ್ಪುತ್ತದೆ, ಮನಸ್ಸಿಗೂ ಒಪ್ಪುತ್ತದೆ.

ಸದಸ್ಯ ಮಿತ್ರರಿಗೆ ನನ್ನ ಸಲಹೆ ಇಷ್ಟೇ. ಹೊರಡುವ ಮುನ್ನವೇ ಪ್ರತಿಯೊಬ್ಬರೂ ಸ್ವಂತ ಉಳಿತಾಯ ಖಾತೆಯಿಂದ ಸಮನಾದ ಮೊತ್ತವನ್ನು ಒಬ್ಬರ ಬಳಿ ಸೇರಿಸಿರಿ. ಅವರೇ ಖರ್ಚು ಮಾಡಿ, ಮರಳಿದ ಮೇಲೆ ಲೆಕ್ಕ ಒಪ್ಪಿಸಲಿ. ಸಂಸ್ಥೆಯಿಂದಲೇ ಹಣ ತೆಗೆಯಬೇಕಾದರೆ ಡ್ರಾಯಿಂಗ್ಸ್ ಖಾತೆಗೆ ಬರೆಸಿರಿ. ಉಳಿತಾಯ ಮಾಡಬೇಕೆಂಬ ಆಸೆಯಿದ್ದರೆ ಬಿಲ್ಲನ್ನು ಓದಿರಿ: ರಾಜಿ ತೆರಿಗೆ ಪದ್ಧತಿಯಲ್ಲಿರುವ ಹೋಟೆಲು ಗ್ರಾಹಕರಿಂದ ಜಿ.ಎಸ್.ಟಿ. ವಸೂಲು ಮಾಡುವಂತಿಲ್ಲ, ಬಿಲ್ಲಿಗೆ ತಾನಾಗಿಯೇ ಸೇವಾ ಶುಲ್ಕ ಸೇರಿಸುವಂತಿಲ್ಲವೆಂಬ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಸ್ವಂತ ದುಡಿಮೆಯ ಹಣದಲ್ಲಿ ಸ್ನೇಹಿತರೊಡನೆ ತಿಂದ ದೋಸೆಗೆ ಯಾವ ಅಧಿಕಾರಿಗೂ, ಯಾವ ಪಾಲುದಾರರಿಗೂ ವಿವರಣೆ ನೀಡಬೇಕಾಗಿಲ್ಲ. ಆ ನಿಶ್ಚಿಂತೆಯ ಬೆಲೆ ರೂ. 2,496ಕ್ಕಿಂತ ಖಂಡಿತವಾಗಿಯೂ ಹೆಚ್ಚು.