ಹಳೇ ಬ್ಯಾಟು, ಕಾಣದ ಹರಾಜು

ಸಂತೆ ಹರಾಜಿನಲ್ಲಿ ಮಾಲು ಕಣ್ಣೆದುರಿಗೇ ಇರುತ್ತದೆ. ಬ್ಯಾಟಾದರೆ ಕೈಯಲ್ಲಿ ಹಿಡಿದು, ಚೆಂಡು ತಟ್ಟಿ ನೋಡಬಹುದು. 1995ರಲ್ಲಿ ಅಮೆರಿಕದಲ್ಲಿ ಶುರುವಾದ ಇಬೇಯಂಥ ಆನ್‌ಲೈನ್ ಹರಾಜಿನಲ್ಲಿ ಕಾಣುವುದು ಬರೀ ಫೋಟೋ. ಇಂಗ್ಲಿಷ್ ವಿಲೋ ಬ್ಯಾಟಿನ ಸೀಳು ಸ್ಟಿಕ್ಕರ್ ಅಡಿಯಲ್ಲಿದ್ದರೆ ಯಾರಿಗೆ ಗೊತ್ತು?

ಕೊಡಬಹುದಾದ ಗರಿಷ್ಠ ಬೆಲೆಯನ್ನು ಮೊದಲೇ ನಮೂದಿಸಿಟ್ಟರೆ, ಎದುರಾಳಿಯನ್ನು ಮೀರಿಸಲು ಬೇಕಾದಷ್ಟನ್ನೇ ಯಂತ್ರ ಏರಿಸುತ್ತದೆ. ಆದರೆ ಜನ ಸುಮ್ಮನಿರ್ತಾರೆಯೇ? ಕೊನೇ ಗಳಿಗೆಯಲ್ಲಿ ಯಾರೋ ಏರಿಸಿದರು ಅಂತ ಇವರಿಗೂ ಹಟ! ಹೊರದೇಶದ ಮಾಲಾದರೆ ಸಾಗಣೆ, ಸುಂಕ ಬೇರೆ. ಎಲ್ಲ ಕೂಡಿಸಿದರೆ ಕೆಲವೊಮ್ಮೆ ಹೊಸ ಬ್ಯಾಟಿನ ರೇಟೇ ಬಂತು.

ಬ್ಯಾಟು, ಪ್ಯಾಡು ಹೋಗಲಿ ಬಿಡಿ, ದುಡ್ಡಷ್ಟೇ ನಷ್ಟ. ಹೆಲ್ಮೆಟ್ ಮಾತ್ರ ಹಳೇದು ಬೇಡವೇ ಬೇಡ. ಜೋರು ಪೆಟ್ಟು ತಿಂದದ್ದು ಹೊರಗೆ ನೆಟ್ಟಗೆ ಕಂಡರೂ ಒಳಗಿನ ಪದರ ಕುಗ್ಗಿರಬಹುದು. ಮಾರುವವ ಅದನ್ನು ಹೇಳ್ತಾನೆಯೇ? ಹುಡುಗರ ತಲೆಗೆ ಹಾಕುವ ಹೆಲ್ಮೆಟನ್ನು ಹೆತ್ತವರು ಅಂಗಡಿಯಲ್ಲೇ ಹೊಸದಾಗಿ ಕೊಳ್ಳಲಿ.