ಓದ್ಲಿಕ್ಕೆ ಬರದ ಅಜ್ಜೀಗೇ ಕೊಡ್ರಿ ಚಿತ್ರದ ಪುಸ್ತಕ

ಅಕ್ಕಾ, ವೈನಿ, ಮೌಶಿ, ಎಲ್ಲಾರೂ ಸ್ವಲ್ಪ ಕೂತು ಕೇಳ್ರಿ. ಇವತ್ತ ನಿಮ್ಮ ಜೋಡಿ ಜಗಳಾನ ಮಾಡೂದದ.

ಎರಡು ವರ್ಷದ ಕೂಸಿನ ಮುಂದ ಚಿತ್ರದ ಪುಸ್ತಕ ತಗದು ನಾವು ಮಾಡೂದೇನು? ಬೆರಳಿಟ್ಟು "ವಾಟ್ ಈಸ್ ದಿಸ್?", "ಯಾವ ಕಲರ್?", "ಎಷ್ಟವ, ಎಣಿಸು". ಮನಿಗೆ ಯಾರರೆ ಬಂದ್ರಂತೂ ಇನ್ನೂ ಜೋರು. ಹೇಳಿದ್ರ ಚಪ್ಪಾಳಿ, ಹೇಳಲಿಲ್ಲಂದ್ರ "ನಿನ್ನೆ ಹೇಳಿದ್ದೆಲ್ಲಾ?" ಅಂತ ಗದರೂದು. ಇದಕ್ಕ ಓದು ಅಂತಾರೇನ್ರಿ? ಇದು ತೋಂಡಿ ಪರೀಕ್ಷಾ.

ಅದೇ ಪುಸ್ತಕ ಅಜ್ಜಿ ಹಿಡಕೊಂಡು ಕೂತ್ಲು ಅನ್ರಿ. "ನೋಡೋ, ಆನಿ ಹೊಂಟದ. ಎಲ್ಲಿಗೆ ಹೊಂಟದೋ? ಹೊಳಿಗೆ, ಮೈ ತೊಳಕೊಳ್ಳಿಕ್ಕೆ. ಪಾಪ, ಅದರವ್ವ ಎಲ್ಲಿ?" ಅಂತ ಶುರು ಮಾಡ್ತಾಳ. ಒಳಗಿಂದ ಸೊಸಿ ಒದರ್ತಾಳ: "ಅತ್ಯಾರ, ಆನಿ ಅನಬ್ಯಾಡ್ರಿ, ಎಲಿಫಂಟ್ ಅನ್ರಿ. ಸಾಲ್ಯಾಗ ಅದಕ್ಕ ಗೊಂದಲ ಆಗ್ತದ." ಮುಗೀತು. "ನನಗೆಲ್ಲಿ ಓದ್ಲಿಕ್ಕೆ ಬರ್ತದವಾ, ನೀನ ಹೇಳಿಕೊಡು" ಅಂತ ಅತ್ತಿ ಪುಸ್ತಕ ಸರಿಸಿ ಏಳ್ತಾಳ. ಸೊಸಿಗೆ ಕುಕ್ಕರಿನ ಸೀಟಿ, ಆಫೀಸಿನ ಹೊತ್ತು. ಕಡೀಕ ಕೂಸಿನ ಕೈಯಾಗ ಬರೂದು ಮೊಬೈಲು.

ನನ್ನ ಸಿಟ್ಟೆಲ್ಲ ಇದರ ಮ್ಯಾಲ. ಓದ್ಲಿಕ್ಕೆ ಬರದವರಿಗೇ ಅಂತ ಮಾಡಿದ ಪುಸ್ತಕ ಅದು! ಕೂಸಿಗೂ ಬರಂಗಿಲ್ಲ, ಅಜ್ಜಿಗೂ ಬರಂಗಿಲ್ಲ. ಜೋಡಿ ಸರಿಯಾಗೇ ಅದ. ಅಕ್ಷರ ಬಲ್ಲ ನಾವು ಕೆಳಗಿನ ಎರಡು ಸಾಲು ಗಡಗಡ ಓದಿ ಹಾಳಿ ತಿರುವಿಬಿಡ್ತೀವಿ. ಚಿತ್ರದ ಮೂಲ್ಯಾಗಿನ ಇರುವಿ ನಮಗ ಕಾಣೂದೇ ಇಲ್ಲ. ಕೂಸಿಗೆ ಮೊದಲು ಕಾಣೂದು ಅದನ. ಅಜ್ಜಿಗೂ.

ಇದು ನನ್ನ ಹಟ ಅಷ್ಟೇ ಅಲ್ಲ. 1988ರಾಗ ಅಮೆರಿಕಾದ ವೈಟ್‌ಹರ್ಸ್ಟ್ ಮತ್ತು ಅವರ ಜೊತಿಯ ಸಂಶೋಧಕರು ಎರಡು-ಮೂರು ವರ್ಷದ ಕೂಸುಗಳ ಮನಿಯವರಿಗೆ ಒಂದು ತಿಂಗಳ ಮಟ್ಟಿಗೆ ಓದಿ ತೋರಿಸೋ ರೀತಿ ಬದಲಿಸಲಿಕ್ಕೆ ಹೇಳಿದರು. ಬರೇ ಓದಿ ಹೇಳೂದು ಕಡಿಮಿ, ಹೌದು-ಅಲ್ಲ ಅನ್ನೋ ಪ್ರಶ್ನಿ ಕಡಿಮಿ. ಅದರ ಬದಲಿ, ಕೂಸು ತನ್ನ ಮಾತಿನ್ಯಾಗ ಹೇಳೋ ಹಂಗ ಕೇಳೂದು, ಅದು ಹೇಳಿದ್ದಕ್ಕ ಎರಡು ಮಾತು ಕೂಡಿಸೂದು. ಮೊದಲಿನಂಗ ಓದಿ ತೋರಿಸಿದ ಮನಿಗಳ ಕೂಸುಗಳಿಗಿಂತ ಇವು ಮಾತಿನ್ಯಾಗ ಮುಂದ ಹೋದವು. ಈಗ ನಮ್ಮ ಅಜ್ಜಿಯಂದಿರನ್ನ ನೋಡ್ರಿ. ಕೂಸು "ಆನಿ" ಅಂದ್ರ "ಹೂಂ, ದೊಡ್ಡ ಆನಿ, ಕಿವಿ ನೋಡು ಮೊರದಂಗ ಅವ" ಅಂತಾಳ. ಯಾರು ತರಬೇತಿ ಕೊಟ್ಟಿದ್ದರು ಆಕೀಗೆ?

ಸಾಲಿಗೆ ಇಂಗ್ಲಿಷ್ ಬೇಕಲ್ಲಾ ಅಂತೀರಿ. ಬೇಕು, ಬರ್ತದ. ಆನಿ ಮನಸಿನ್ಯಾಗ ಗಟ್ಟಿ ನಿಂತಿದ್ರ ಎಲಿಫಂಟ್ ಅನ್ನೋ ಹೆಸರು ತಾನ ಬಂದು ಅದರ ಬೆನ್ನ ಮ್ಯಾಲ ಹತ್ತಿ ಕುಂದರ್ತದ. ಕನ್ನಡ ಪುಸ್ತಕದ ಮಾತೂ ಅಷ್ಟೇ. "ನೀನು ಎಲ್ಲಿಗೆ ಹೋಗುತ್ತಿರುವೆ?" ಅಂತ ಅಚ್ಚಾಗಿರ್ತದ. ನಮ್ಮ ಮನಿಯಾಗ ಹಂಗ ಯಾರು ಕೇಳ್ತಾರ? "ಎಲ್ಲಿಗೆ ಹೊಂಟೀ?" ಅನ್ರಿ, ಅಚ್ಚಾದ ಅಕ್ಷರ ಏನೂ ಅಳಿಸಿ ಹೋಗಂಗಿಲ್ಲ.

ಹರಿತಾವ ಅಂತ ಪುಸ್ತಕಾನ ಶೋಕೇಸಿನ್ಯಾಗ ಇಟ್ಟು ಕೀಲಿ ಹಾಕೋರಿಗೆ ಒಂದೇ ಮಾತು: ಹರೀಲಿ ಬಿಡ್ರಿ, ಟೇಪ್ ಹಚ್ಚೂಣು. ರೊಕ್ಕದ ಮಾತಂದ್ರ, ಕಡಿಮಿ ಬೆಲೀಗೆ ಮಕ್ಕಳ ಪುಸ್ತಕ ಸಿಗಲಿ ಅಂತ 2004ರಾಗ ಬೆಂಗಳೂರಾಗ ಶುರುವಾದ ಪ್ರಥಮ್ ಬುಕ್ಸ್‌ನವರು ಇದ್ದಾರ. ಅವರ ಸ್ಟೋರಿವೀವರ್ 2015ರಿಂದ ಪುಕ್ಕಟೆನ ಅದ, ಅದರಾಗ ಕನ್ನಡದ ಪುಸ್ತಕಾನೂ ಅವ. ಇಳಿಸಿಕೊಂಡು ಪ್ರಿಂಟ್ ತಗೀರಿ, ದಾರ ಹಾಕಿ ಹೊಲೀರಿ. ಮೊಬೈಲ್ ಅಷ್ಟಕ್ಕ ಸಾಕು.

ಆಮ್ಯಾಲ ಅತ್ತಿ ಕಥಿ ಹೇಳೋಮುಂದ ಅಡ್ಡ ಬಂದು ತಿದ್ದಬ್ಯಾಡ್ರಿ, ವಿಡಿಯೋನೂ ಮಾಡಬ್ಯಾಡ್ರಿ. ಅವರ ಚಾಳೀಸ ಎಲ್ಲದ ಹುಡುಕಿ ಕೊಟ್ಟು ಒಳಗ ಹೋಗ್ರಿ.