ಫಿರಂಗಿ ತಾನಾಗಿ ನಡೆಯಲ್ಲ ಸ್ವಾಮಿ

ಕಂಪ್ಯೂಟರಿನ ಯುದ್ಧದಾಟಗಳ ಮೇಲೆ ನನಗಿರೋದು ಒಂದೇ ತಕರಾರು. ಅವುಗಳಲ್ಲಿ ಎತ್ತಿಲ್ಲ.

ನಗಬೇಡಿ. ‘ಏಜ್ ಆಫ್ ಎಂಪೈರ್ಸ್ 2’ ಆಡಿದವರು ಒಮ್ಮೆ ನೆನಪು ಮಾಡಿಕೊಳ್ಳಿ. ಇಂಪೀರಿಯಲ್ ಏಜ್ ತಲುಪಿ ಕೆಮಿಸ್ಟ್ರಿ ಮುಗಿಸಿದ ಮೇಲೆ ಬಂಬಾರ್ಡ್ ಕ್ಯಾನನ್ ಸಿಗುತ್ತೆ. ಬೆಲೆ 225 ಮರ, 225 ಚಿನ್ನ. ಆಹಾರ ಸೊನ್ನೆ. ಒಂದು ಹಿಡಿ ಹುಲ್ಲೂ ಬೇಡ. ಕ್ಲಿಕ್ ಮಾಡಿದರೆ ಸಾಕು, ಯಾರೂ ಎಳೆಯದೆ, ಯಾರೂ ತಳ್ಳದೆ, ದೇವರ ಉತ್ಸವಮೂರ್ತಿಗೂ ಇಲ್ಲದ ಭಾಗ್ಯದಲ್ಲಿ ತಾನೇ ಉರುಳಿಕೊಂಡು ಹೋಗುತ್ತೆ. ಹಾಗಂತ ಆಟದಲ್ಲಿ ದನವೇ ಇಲ್ಲವೇ? ಇದೆ. ಹೊಡೆದುಕೊಂಡು ಬಂದು ಕಡಿದರೆ 150 ಆಹಾರ. ಅಲ್ಲಿಗೆ ಅದರ ಪಾತ್ರ ಮುಗೀತು.

2022ರಲ್ಲಿ ಇದೇ ಆಟಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಬಂದಾಗ ನನ್ನ ಗೆಳೆಯರು ಕೆಂಡವಾದರು. ಕನ್ನಡಿಗರನ್ನೂ ತೆಲುಗರನ್ನೂ ತಮಿಳರನ್ನೂ ‘ದ್ರಾವಿಡಿಯನ್ಸ್’ ಅಂತ ಒಂದೇ ಚೀಲಕ್ಕೆ ತುಂಬಿದ್ದಾರೆ, ವಿಜಯನಗರಕ್ಕೆ ಅವಮಾನ, ಕುದುರೆಗಳೂ ನೆಟ್ಟಗಿಲ್ಲ ಅಂತ. ಸಿಟ್ಟು ನ್ಯಾಯದ್ದೇ. ಆದರೆ ಕುದುರೆಗಾಗಿ ಅತ್ತವರು ಎತ್ತಿಗಾಗಿ ಅಳಲಿಲ್ಲ. ಈ ದಕ್ಷಿಣದ ಯುದ್ಧಗಳಲ್ಲಿ ಫಿರಂಗಿ ಎಳೆದದ್ದು ಎತ್ತು ಕಣ್ರೀ.

1520ರ ರಾಯಚೂರು ಯುದ್ಧವನ್ನೇ ತಗೊಳ್ಳಿ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ತನ್ನ ಫಿರಂಗಿಗಳನ್ನೆಲ್ಲ ಒಟ್ಟಿಗೆ ಹಾರಿಸಿಬಿಟ್ಟ. ವಿಜಯನಗರದ ಮುಂಪಡೆ ಚದುರಿತು. ಆಗ ಕೃಷ್ಣದೇವರಾಯ ಹಿಂದಿನ ಪಡೆಯನ್ನು ತಾನೇ ಮುಂದಕ್ಕೆ ನುಗ್ಗಿಸಿ, ಶತ್ರುವನ್ನು ಕೃಷ್ಣಾ ನದಿಯವರೆಗೂ ಅಟ್ಟಿಕೊಂಡು ಹೋದ. ಆಟ ಆಡೋರಿಗೆ ಈ ತಂತ್ರ ಚೆನ್ನಾಗಿ ಅರ್ಥವಾಗುತ್ತೆ: ಫಿರಂಗಿ ಮತ್ತೆ ತುಂಬೋಷ್ಟರಲ್ಲಿ ಮೇಲೆ ಬೀಳೋದು. ಆದರೆ ಅದೇ ನೂನಿಜ್ ಮುಂದೆ ಸೂರೆಯ ಲೆಕ್ಕವನ್ನೂ ಕೊಡುತ್ತಾನೆ: ದೊಡ್ಡ ಫಿರಂಗಿ 400, ಅವುಗಳ ಬಂಡಿ 900. ಈ 900 ಬಂಡಿಗಳು ಬಿಜಾಪುರದಿಂದ ಕೃಷ್ಣೆಯನ್ನು ದಾಟಿ ಬಂದದ್ದು ಯಾರ ಹೆಗಲ ಮೇಲೆ? ಆಟದಲ್ಲಿ ಈ ಪ್ರಶ್ನೆಯೇ ಹುಟ್ಟಲ್ಲ.

ಯೂರೋಪಿನವರಿಗೆ ಇದು ಗೊತ್ತಿತ್ತು. 1494ರಲ್ಲಿ ಫ್ರಾನ್ಸಿನ ಎಂಟನೇ ಚಾರ್ಲ್ಸ್ ಇಟಲಿಗೆ ನುಗ್ಗಿದಾಗ ಇಟಲಿಯವರು ಬೆಚ್ಚಿದ್ದು ಬರೀ ಅವನ ಫಿರಂಗಿ ಕಂಡಲ್ಲ, ಅವು ಸೈನ್ಯದ ಜೊತೆಜೊತೆಗೇ ಬರೋ ವೇಗ ಕಂಡು. ನಮ್ಮಲ್ಲಿ ಎತ್ತು ಎಳೆಯುತ್ತೆ, ಅವರಲ್ಲಿ ಕುದುರೆ ಎಳೆಯುತ್ತೆ ಅಂತ ಇತಿಹಾಸಕಾರ ಗ್ವಿಚಾರ್ದಿನಿ ಎತ್ತಿ ಹೇಳಿದ್ದಾನೆ. ಅಲ್ಲಿ ಎತ್ತು ಅಂದರೆ ನಿಧಾನ. ಇಲ್ಲಿ?

ಇಲ್ಲಿಗೆ ನಮ್ಮೂರ ಸೀಮೆ ಬಂತು. ನಾನು ಚೌಳಹಿರಿಯೂರಿನವನು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ‘ಕಾವಲು’ ಅಂದರೆ ಕಾಯೋ ಕೆಲಸ ಅಲ್ಲ, ಹುಲ್ಲುಗಾವಲು. ಅಮೃತಮಹಲ್ ದನಗಳ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅಂತ ಇದ್ದ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ದನ ಹೇಗೆ ಸಾಕಬೇಕು ಅಂತ ಟಿಪ್ಪು ಹುಕುಂನಾಮೆಯನ್ನೇ ಹೊರಡಿಸಿದ್ದ. ಅವನನ್ನು ಸೋಲಿಸಿದ ಬ್ರಿಟಿಷರೂ ಅದನ್ನೇ ಅನುಸರಿಸಿದರು.

ಫಲ ಏನು? 1781ರಲ್ಲಿ ಚಿದಂಬರಂ ಉಳಿಸಿಕೊಳ್ಳೋಕೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಓಡಿದ. ಅದರ ಬೆನ್ನಿಗೇ ಪೋರ್ಟೋ ನೋವೋದಲ್ಲಿ ಸೋತ. ಆದರೆ ಫಿರಂಗಿಗಳನ್ನು ಬಿಟ್ಟುಕೊಡದೆ ಎಳೆಸಿಕೊಂಡು ಹೋದ. ಆಟದಲ್ಲಿ ಸೋತರೆ ಪರದೆ ಕಪ್ಪಾಗುತ್ತೆ. ನಿಜದಲ್ಲಿ ಸೋತ ಮೇಲೂ ಫಿರಂಗಿ ಉಳಿಸಿಕೊಂಡವನು ಮತ್ತೆ ಯುದ್ಧಕ್ಕೆ ಬರುತ್ತಾನೆ. ಇದಕ್ಕಿಂತ ದೊಡ್ಡ ತಂತ್ರ ಯಾವುದು ಹೇಳಿ? 1803ರಲ್ಲಿ ಮರಾಠರ ಮೇಲೆ ಹೋದ ಆರ್ಥರ್ ವೆಲ್ಲೆಸ್ಲಿಯೂ ನೆಚ್ಚಿಕೊಂಡಿದ್ದು ಮೈಸೂರಿನ ಇದೇ ಎತ್ತುಗಳನ್ನ.

‘ಅಯ್ಯೋ, ಆಟ ಅಂದ್ರೆ ಮಜಾ ಇರಬೇಕಪ್ಪ, ಎತ್ತಿಗೆ ಮೇವು ಹಾಕೋಕೆ ಯಾರು ಆಡ್ತಾರೆ?’ ಅಂತೀರಿ. ಆಯ್ತು. ಮರ ಕಡಿಯೋದು, ಕಲ್ಲು ಒಡೆಯೋದು, ಹೊಲ ಬರಿದಾದರೆ ಮತ್ತೆ ಬಿತ್ತೋದು, ಇದೆಲ್ಲ ರಾತ್ರಿ ಎರಡರವರೆಗೂ ಕೂತು ಮಾಡ್ತೀರಲ್ಲ, ಅದರಲ್ಲಿ ಮಜಾ ಇದೆ, ಎತ್ತಿನಲ್ಲಿ ಮಾತ್ರ ಇಲ್ಲವಾ? ‘ಯೂರೋಪಾ ಯೂನಿವರ್ಸಾಲಿಸ್ 4’ ತರಹದ ಆಟಗಳಲ್ಲಿ ಸಪ್ಲೈ ಲಿಮಿಟ್ ಅಂತ ಇದೆ, ಒಪ್ಪುತ್ತೇನೆ. ಅದು ಒಂದು ಅಂಕಿ. ಆ ಅಂಕಿಗೆ ಕೊಂಬಿಲ್ಲ, ಹಸಿವಿಲ್ಲ, ಅದನ್ನು ಕಾಯೋ ದನಗಾಹಿಯೂ ಇಲ್ಲ.

ಹೋಗಲಿ ಬಿಡಿ, ಆಟ ತಾನೇ ಅಂತ ಸುಮ್ಮನಾಗಬಹುದಿತ್ತು. ಆದರೆ ಈ ಕಣ್ಣು ಆಟಕ್ಕೆ ಮಾತ್ರ ಸೀಮಿತವಲ್ಲ. ಆಫೀಸಿನಲ್ಲಿ ‘ಸ್ಟ್ರಾಟೆಜಿ’ ಅಂತ ಸ್ಲೈಡ್ ಮಾಡೋರಿಗೂ ಫಿರಂಗಿ ಕಾಣುತ್ತೆ, ಎತ್ತು ಕಾಣಲ್ಲ. ಇದು ಹೊಸದೂ ಅಲ್ಲ. 1860ರಲ್ಲಿ ಖರ್ಚು ಉಳಿಸಬೇಕು ಅಂತ ಮದ್ರಾಸ್ ಸರ್ಕಾರ ಅಮೃತಮಹಲ್ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. 1866ರಲ್ಲಿ ಅದೇ ಇಲಾಖೆಯನ್ನು ಮತ್ತೆ ಮೊದಲಿಂದ ಕಟ್ಟಬೇಕಾಯಿತು. ಕಾಸ್ಟ್ ಕಟಿಂಗ್ ಅಂತ ಟೀಮನ್ನೇ ಮನೆಗೆ ಕಳಿಸಿ, ಆಮೇಲೆ ಅದೇ ಕೆಲಸಕ್ಕೆ ಜನ ಹುಡುಕೋ ಕಂಪನಿಗಳ ಪರಿಚಯ ನಿಮಗಿದ್ದರೆ ಹೆಚ್ಚು ವಿವರಿಸಬೇಕಿಲ್ಲ.

ಈಗ ಕಾವಲುಗಳ ಸರದಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ಡಿಆರ್‌ಡಿಓ, ಇಸ್ರೋ, ಬಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ಪಾಲಾಯಿತು. ಅಲ್ಲಿ ಕುರಿ ದನ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. 2017ರಲ್ಲಿ ಡ್ರೋನ್‌ಗಳ ಪರೀಕ್ಷೆಗೆ ಅಲ್ಲಿ ರನ್‌ವೇ ಉದ್ಘಾಟನೆಯೂ ಆಯಿತು. ಯುದ್ಧದ ಎತ್ತು ಮೇಯುತ್ತಿದ್ದ ನೆಲದಲ್ಲಿ ಯುದ್ಧದ ವಿಮಾನ. ದೇಶಕ್ಕೆ ಡ್ರೋನ್ ಬೇಡ ಅಂತ ನಾನು ಹೇಳ್ತಿಲ್ಲ. ಹುಲ್ಲುಗಾವಲನ್ನು ‘ಖಾಲಿ ಜಾಗ’ ಅಂತ ಓದೋ ಕಣ್ಣಿನ ಬಗ್ಗೆ ಹೇಳ್ತಿದ್ದೀನಿ. ಆಟದ ಮ್ಯಾಪಿನಲ್ಲೂ ಹುಲ್ಲು ಅಂದರೆ ಕಟ್ಟಡ ಕಟ್ಟೋಕೆ ಬಿಟ್ಟ ಜಾಗ ತಾನೇ?

ಹಾಗಾಗಿ ಬೆಂಗಳೂರಿನಲ್ಲಿ ಕೂತು ಗೇಮ್ ಬರೆಯೋ ಕನ್ನಡದ ಹುಡುಗ ಹುಡುಗಿಯರಿಗೆ ನನ್ನ ಸವಾಲು. ರಾಯಚೂರಿನ ಮೇಲೋ ಪೋರ್ಟೋ ನೋವೋ ಮೇಲೋ ಒಂದು ಆಟ ಮಾಡಿ. ಫಿರಂಗಿ ಎಳೆಯೋಕೆ ಎತ್ತು ಕಡ್ಡಾಯ ಮಾಡಿ, ಎತ್ತಿಗೆ ಕಾವಲು ಕಡ್ಡಾಯ ಮಾಡಿ. ಕಾವಲಿನಲ್ಲಿ ಬ್ಯಾರಕ್ಸ್ ಕಟ್ಟಿದವನು ಮೂರು ವರ್ಷದ ಮೇಲೆ ಫಿರಂಗಿ ಅಲುಗಾಡಿಸಲಾಗದೆ ಸೋಲಲಿ. ಆಗ ನೋಡೋಣ ಯಾರ ತಂತ್ರ ಎಷ್ಟು ಗಟ್ಟಿ ಅಂತ.

ಶುರು ಮಾಡೋ ಮುಂಚೆ ಹುಬ್ಬಳ್ಳಿ ಕಡೆಯ ರೈಲು ಹತ್ತಿ, ಬೀರೂರು ದಾಟಿ ಅಜ್ಜಂಪುರದಲ್ಲಿ ಇಳಿಯಿರಿ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಅಲ್ಲೇ ಇದೆ. ಬೂದು ಮೈ, ಹಿಂದಕ್ಕೆ ಬಾಗಿ ಮೊನಚಾದ ಉದ್ದ ಕೊಂಬು, ದೂರದಿಂದಲೇ ಗುರುತು ಸಿಗುತ್ತೆ. ಸೆಲ್ಫಿಗೆ ಅಂತ ಹತ್ತಿರ ಮಾತ್ರ ಹೋಗಬೇಡಿ. ಗುರುತಿಲ್ಲದವರನ್ನು ಕಂಡರೆ ಆ ಹಿಂಡಿಗೆ ಆಗಲ್ಲ.